ಲೂಕ ಎರಡು ಮಾಸ್ತರು

ಡಿಸೆಂಬರ್ ಬಂತೆಂದರೆ ಪ್ರತಿ ಸಭೆಯಲ್ಲೂ ಇಂಥವರೊಬ್ಬರು ಎದ್ದು ನಿಲ್ಲುತ್ತಾರೆ. ದೊಡ್ಡ ಚರ್ಚಾದರೆ ಇಬ್ಬರು. ಉಳಿದವರೆಲ್ಲ ಹಬ್ಬದ ಗಡಿಬಿಡಿಯಲ್ಲಿರುವಾಗ "ಇದರಾಗ ಕ್ರಿಸ್ತ ಎಲ್ಲಿದಾನ?" ಎಂದು ಕೇಳುವುದು ಅವರ ಕೆಲಸ. ಮನೆಗೆ ಸೀರಿಯಲ್ ಸೆಟ್ ಹಚ್ಚಿದರೆ ಕೇಳುತ್ತಾರೆ, ಹೊಸ ಅಂಗಿ ಹೊಲಿಸಿದರೆ ಕೇಳುತ್ತಾರೆ, ಕೇಕಿನ ಮೇಲಿನ ಕೆಂಪು ಚೆರ್ರಿ ಕಂಡರೂ ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ, ತಕರಾರು ಇರುವುದೇ ಅಲ್ಲಿ. ತಪ್ಪು ಪ್ರಶ್ನೆಯಾಗಿದ್ದರೆ ಜಗಳವನ್ನಾದರೂ ತೆಗೆಯಬಹುದಿತ್ತು.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಕ್ರೈಸ್ತರ ಮನೆಗಳು ಅಲ್ಲೊಂದು ಇಲ್ಲೊಂದು. ಹಾಗಾಗಿ ಮೂರು ತಾಲೂಕಿಗೂ ಕೂಡಿ ಒಬ್ಬರೇ ಸಾಕಾಗಿದ್ದಾರೆ. ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. ಹಳೆಯ ಎಂ-ಎಯ್ಟಿ ಗಾಡಿ, ಮಂಕಿ ಟೋಪಿ, ಹೆಗಲಿಗೆ ಬೈಬಲಿನ ಚೀಲ. ಕ್ರಿಸ್ತಜನನದ ಕಥೆ ಇರುವ ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯವನ್ನು ಅವರು ನಿದ್ದೆಗಣ್ಣಿನಲ್ಲೂ ಒಪ್ಪಿಸಬಲ್ಲರು, ಒಪ್ಪಿಸುತ್ತಾರೆ ಕೂಡ. ಹಿಂದಿನಿಂದ ನಾವು ಅವರನ್ನು ಕರೆಯುವುದು 'ಲೂಕ ಎರಡು' ಎಂದೇ. ಓಣಿಯ ತುದಿಯಲ್ಲಿ ಗಾಡಿಯ ಸಪ್ಪಳ ಕೇಳಿದ ಕೂಡಲೇ "ಲೂಕ ಎರಡು ಬಂದ್ರು!" ಎಂದು ನಮ್ಮ ಮನೆಯ ಹುಡುಗರು ಕೈಯಲ್ಲಿದ್ದ ಕರ್ಚಿಕಾಯಿಯನ್ನು ತಾಟಿಗೆ ವಾಪಸ್ ಇಡುತ್ತಾರೆ.

ಇಡಲೇಬೇಕು. ತಿನ್ನುವ ಮೊದಲು ಪ್ರಾರ್ಥನೆ ಎಂಬುದು ಎಲ್ಲರ ಮನೆಯ ನಿಯಮ. ಪ್ರಾರ್ಥನೆಯ ಮೊದಲು ಪರೀಕ್ಷೆ ಎಂಬುದು ಮಾಸ್ತರರ ನಿಯಮ.

ಒಮ್ಮೆ ಪುಣೆಯಲ್ಲಿ ಕೆಲಸದಲ್ಲಿರುವ ನನ್ನ ಭಾವಮೈದ ಹಬ್ಬಕ್ಕೆ ಬಂದಿದ್ದ. ಚಕ್ಕುಲಿ, ಶಂಕರಪಾಳಿ, ನಡುವೆ ಗೋಕಾಕದ ಕರದಂಟು, ಬಿಸಿ ಚಹಾ, ಎಲ್ಲ ಮುಂದಿತ್ತು. ಮಾಸ್ತರು ಅವನ ಕಡೆ ತಿರುಗಿದರು.

"ಮೂಡಣ ದೇಶದಿಂದ ಬಂದ ಜೋಯಿಸರು ಎಷ್ಟು ಮಂದಿ?"

"ಮೂರು, ಸರ್."

"ಎಲ್ಲೈತಿ? ವಚನ ತೋರ್ಸು."

ಅವನು ಮೊಬೈಲ್ ತೆಗೆದ. ಮತ್ತಾಯನ ಎರಡನೆಯ ಅಧ್ಯಾಯವನ್ನು ಮೇಲಿನಿಂದ ಕೆಳಗೆ ಉಜ್ಜಿದ. ಚಿನ್ನ, ಧೂಪ, ರಕ್ತಬೋಳ ಎಂದು ಕಾಣಿಕೆ ಮೂರು ಸಿಕ್ಕವು. ತಂದವರ ಲೆಕ್ಕ ಸಿಗಲಿಲ್ಲ. "ಅವರು ಗೋದಲಿಗೆ ಬಂದ್ರೋ, ಮನಿಗೆ ಬಂದ್ರೋ?" ಎಂದರು ಮಾಸ್ತರು. ನೋಡಿದರೆ ಮನೆ! "ಮರಿಯಮ್ಮ ಹತ್ತಿ ಬಂದ ಕತ್ತಿ ಎಲ್ಲೈತಿ? ಜಾಗ ಇಲ್ಲಂದ ಛತ್ರದ ಮಾಲಕ ಎಲ್ಲಿದಾನ?" ಇಬ್ಬರೂ ಪತ್ತೆಯಿಲ್ಲ. ಕಡೆಗೆ ಅವನು ಡಿಸೆಂಬರ್ 25ನ್ನಾದರೂ ಉಳಿಸಿಕೊಳ್ಳೋಣವೆಂದು ನೋಡಿದ. ಅದೂ ಬೈಬಲಿನಲ್ಲಿಲ್ಲ, ಆ ದಿನಕ್ಕೆ ಸಿಗುವ ಹಳೆಯ ದಾಖಲೆ ರೋಮಿನದು, 336ನೇ ಇಸವಿಯದು ಎಂದು ತಿಳಿಯಿತು. ಮುಂದಿನ ವರ್ಷ ಭಾವಮೈದ ರಜೆ ಸಿಗಲಿಲ್ಲವೆಂದು ಫೋನ್ ಮಾಡಿದ.

ಅಷ್ಟರಲ್ಲಿ ಚಹಾದ ಮೇಲೆ ಕೆನೆ ಕಟ್ಟಿತ್ತು, ಪ್ರಾರ್ಥನೆ ಇನ್ನೂ ಬಾಕಿಯಿತ್ತು. ಮಾಸ್ತರರ ಪ್ರಾರ್ಥನೆ ಆದಾಮನಿಂದ ಹೊರಡುತ್ತದೆ. ಅಬ್ರಹಾಮ, ಮೋಶೆ, ದಾವೀದರ ನಿಲ್ದಾಣಗಳಲ್ಲೆಲ್ಲ ನಿಂತು ಬೆತ್ಲೆಹೇಮ್ ಮುಟ್ಟುತ್ತದೆ. ಅಲ್ಲಿಗೆ ಮುಗಿಯಿತೆಂದು ಹೊಸಬರು ಕಣ್ಣು ತೆರೆಯುತ್ತಾರೆ. ನಾವು ತೆರೆಯುವುದಿಲ್ಲ. 1820ರಲ್ಲಿ ಲಂಡನ್ ಮಿಷನ್ನನ್ನು ಬೆಳಗಾವಿಗೆ ಕಳಿಸಿದ್ದಕ್ಕೆ ಸ್ತೋತ್ರ, 1904ರಲ್ಲಿ ಆ ಕೆಲಸ ಮೆಥೋಡಿಸ್ಟರ ಕೈಗೆ ಬಂದದ್ದಕ್ಕೆ ಸ್ತೋತ್ರ. ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ ಹಾಡಾಗಿಸಿ 1862ರಲ್ಲಿ 'ಕಥಾಮಾಲೆ' ಬರೆದ ಕಿಟ್ಟೆಲ್ ಸಾಹೇಬರಿಗಾಗಿ ಸ್ತೋತ್ರ, 1894ರ ನಿಘಂಟಿಗಾಗಿ ಬೇರೆ ಸ್ತೋತ್ರ. ಪ್ರಾರ್ಥನೆಯಲ್ಲಿ ಇಸವಿ ಹೇಳುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ದೇವರೇನು ಪರೀಕ್ಷೆಗೆ ಕೂತಿದ್ದಾನೆಯೇ?

ಚಹಾ ಆರುವುದು ಅವರಿಗೆ ಗೊತ್ತಾಗದಿರುವುದಕ್ಕೂ ಕಾರಣವಿದೆ. ಕ್ರಿಸ್ಮಸ್ಸಿನ ಹಿಂದಿನ ನಾಲ್ಕು ಭಾನುವಾರಗಳ ಆಗಮನ ಕಾಲದಲ್ಲಿ ಅವರು ಚಹಾ ಕುಡಿಯುವುದಿಲ್ಲ. ಉಳಿದ ದುಡ್ಡು ಒಂದು ಬಿಸ್ಕೀಟಿನ ಡಬ್ಬಿಗೆ ಬೀಳುತ್ತದೆ. ಡಬ್ಬಿ ಯಾರ ಮನೆಗೆ ಹೋಗುತ್ತದೆಂದು ಕೇಳಿದರೆ "ನಿನಗ್ಯಾಕ ಬೇಕೋ ಅದು?" ಎನ್ನುತ್ತಾರೆ.

ಸಾಂತಾಕ್ಲಾಸ್ ಕಂಡರೆ ಅವರಿಗಾಗದು. ನಾಲ್ಕನೇ ಶತಮಾನದ ಬಿಷಪ್ ನಿಕೊಲಾಸ್, ಈಗಿನ ಟರ್ಕಿಯ ಮೈರಾ ಊರಿನವನು, ಅವನನ್ನು ಹಿಡಿದು ಅರಿವೆ ಅಂಗಡಿ ಮುಂದೆ ಕುಣಿಸ್ತೀರಲ್ಲ ಎಂದು ಬೈಯುತ್ತಾರೆ. ಡಿಜೆಯ ವಿಚಾರ ಎತ್ತುವುದೇ ಬೇಡ.

ಚರ್ಚಿನಲ್ಲಿ ಕ್ರಿಸ್ತಜನನದ ದೃಶ್ಯವಾಗಿ ಕಟ್ಟುವ ಗೋದಲಿಯ ಜಗಳ ಮಾತ್ರ ಹೇಳಲೇಬೇಕು. ಒಂದು ವರ್ಷ ಸಂಡೇ ಸ್ಕೂಲ್ ಮಕ್ಕಳು ಗೋಕಾಕದ ಮರದ ಆಟಿಕೆಗಳನ್ನೇ ತಂದು ಗೋದಲಿ ಮಾಡಿದ್ದರು. ಬಣ್ಣದ ಎತ್ತು ಕೂಸಿನ ಪಕ್ಕದಲ್ಲೇ ನಿಂತಿತ್ತು. ಮಾಸ್ತರು ಬಂದವರೇ ಎತ್ತನ್ನು ಎತ್ತಿ ಕಿಟಕಿಯಲ್ಲಿಟ್ಟರು. ಸಭಾಪಾಲಕರು, 1223ರಲ್ಲಿ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಜೀವಂತ ಎತ್ತು ಕತ್ತೆಗಳನ್ನೇ ನಿಲ್ಲಿಸಿದ್ದರಲ್ಲ ಎಂದು ಮೆಲ್ಲಗೆ ನೆನಪಿಸಿದರು. "ಅವರ ಮ್ಯಾಲ ನನಗ ಭಾಳ ಗೌರವ ಐತ್ರಿ ಅಯ್ಯನವರ, ಆದ್ರ ಎತ್ತು ಲೂಕನಾಗಿಲ್ಲ." ಎತ್ತು ತಂದ ಹುಡುಗಿ ಅಳಲಿಕ್ಕೆ ಶುರುಮಾಡಿದಳು. ಮಾಸ್ತರು ಒಂದು ಗಳಿಗೆ ನಿಂತು ನೋಡಿ, "ಆತು, ಹೊರಗ ಕಟ್ಟು" ಎಂದರು.

ಆ ವರ್ಷವೇ ಹುಕ್ಕೇರಿ ರಸ್ತೆಯ ಘಟನೆ ನಡೆದದ್ದು. ಮನೆಮನೆಗೆ ಹೋಗಿ ಹಬ್ಬದ ಹಾಡು ಹೇಳುವ ಕ್ಯಾರಲ್ ತಂಡ ಟಂಟಂನಲ್ಲಿ ಹೊರಟಿತ್ತು. ಹಾಡುವವರು ಯುವಕರು. ನಾನು ತಾಳ ಬಾರಿಸಲು ಹೋಗುತ್ತೇನೆ, ಅಂದರೆ ಫರಾಳಕ್ಕೆ. ಕಬ್ಬಿನ ಹಂಗಾಮು. ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು ತಮ್ಮ ಹಾಡು ಹಚ್ಚಿಕೊಂಡು ಕಾರ್ಖಾನೆಯ ಕಡೆ ಸಾಲು ಹಿಡಿದಿದ್ದವು. ಎದುರಿನ ಒಂದು ಟ್ರೇಲರು ಒರಗಿ ರಸ್ತೆ ಬಂದಾಯಿತು. ಚಳಿಗೆ ಎಲ್ಲರೂ ಮುದುಡಿ ಕೂತಿದ್ದಾಗ ಮಾಸ್ತರು ಕೆಳಗಿಳಿದರು. ಪಕ್ಕದ ಹೊಲದಲ್ಲಿ ಬಲೆ ಕಟ್ಟಿ ಕುರಿ ತರುಬಿದ್ದರು. ಕುರಿಹಿಂಡು ರಾತ್ರಿ ನಿಂತ ಹೊಲಕ್ಕೆ ಬೇರೆ ಗೊಬ್ಬರ ಬೇಕಿಲ್ಲ, ಹೊಲದವರು ಕುರಿಗಾರರಿಗೆ ಕಾಳೋ ರೊಕ್ಕವೋ ಕೊಡುತ್ತಾರೆ. ಈ ಸೀಮೆಯಲ್ಲಿ ದಿನಾ ಕಾಣುವ ನೋಟ. ಮಾಸ್ತರರಿಗೆ ಮಾತ್ರ ಲೂಕ ಎರಡು, ಎಂಟನೆಯ ವಚನ ಕಣ್ಣೆದುರಿಗೇ ಕಂಡಿರಬೇಕು. "ಇಳೀರಿ ಎಲ್ಲಾರೂ" ಎಂದರು.

ನಾಯಿಗಳು ಮೈಮೇಲೆ ಬಂದವು. ಕಂಬಳಿ ಹೊದ್ದ ಮುದುಕನೊಬ್ಬ ಅವುಗಳನ್ನು ಗದರಿಸಿ ನಮ್ಮನ್ನು ಬೆಂಕಿಯ ಹತ್ತಿರ ಕರೆದ. ನಾವು ಎರಡು ಹಾಡು ಹಾಡಿದೆವು. ಮಾಸ್ತರು ಮೊಬೈಲ್ ಬೆಳಕಿನಲ್ಲಿ ಕಥೆ ಓದಿದರು: ರಾತ್ರಿ ಹಿಂಡು ಕಾಯುತ್ತಿದ್ದ ಕುರುಬರು, ದೇವದೂತ, ಅವಸರದಿಂದ ಹೋಗಿ ಕೂಸನ್ನು ಕಂಡದ್ದು. ಮುದುಕ ಬೀಡಿ ಆರಿಸಿ ಕೇಳಿದ. ಮುಗಿದ ಮೇಲೆ ಅಂದ:

"ಎಲ್ಲಾರೂ ಹ್ವಾದ್ರೇನ್ರಿ ನೋಡಾಕ? ಮತ್ತ ಕುರಿ ಯಾರು ಕಾದ್ರು?"

ಮಾಸ್ತರು ಪುಟ ತಿರುವಿದರು. ಮತ್ತೆ ಹಿಂದಕ್ಕೆ ತಿರುವಿದರು. "ಅದು... ಬರದಿಲ್ಲ."

"ಬರದಿಲ್ಲಂದ್ರ ಹೆಂಗ್ರಿ? ತ್ವಾಳ ಇರ್ಲಿಲ್ಲೇನು ಆ ಊರಾಗ? ಒಬ್ಬನ್ನರೆ ಬಿಟ್ಟು ಹೋಗಿರ್ತಾರ. ಸಣ್ಣ ಹುಡುಗನ್ನ ಬಿಟ್ಟಿರ್ತಾರ." ಮುದುಕ ಬೆಂಕಿ ಕೆದಕಿದ. "ಪಾಪ, ಅವಗ ಕೂಸು ನೋಡಾಕ ಸಿಗಲಿಲ್ಲ."

ಬಲೆಯ ಆಚೆ ಕೋಲು ಹಿಡಿದು ನಿಂತಿದ್ದ ಅವನ ಮೊಮ್ಮಗ ನಮ್ಮ ಹಾಡು ಕೇಳಲು ಹತ್ತಿರ ಬಂದಿರಲಿಲ್ಲವೆಂಬುದು ಆಗ ನಮ್ಮ ಗಮನಕ್ಕೆ ಬಂತು. ಮಾಸ್ತರು ಎದ್ದು, ಯಾರನ್ನೂ ಕರೆಯದೆ, ಅವನ ಹತ್ತಿರ ಹೋದರು. ಏನು ಮಾತಾಡಿದರೋ ನಮಗೆ ಕೇಳಿಸಲಿಲ್ಲ. ಅಂದು ಹುಕ್ಕೇರಿಯ ಮನೆಗಳಲ್ಲಿ ಪರೀಕ್ಷೆ ನಡೆಯಲಿಲ್ಲ, ಪ್ರಾರ್ಥನೆ ಆದಾಮನನ್ನು ಬಿಟ್ಟು ನೇರ ಬೆತ್ಲೆಹೇಮಿಗೆ ಹೋಯಿತು, ನಾನು ಎಲ್ಲ ಮನೆಗಳಲ್ಲೂ ಬಿಸಿ ಚಹಾ ಕುಡಿದೆ. ಯಾಕೋ ಅಷ್ಟೊಂದು ರುಚಿ ಹತ್ತಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ರುಚಿಯಾಗಿಯೇ ಇತ್ತು.

ಈಗ ಕ್ಯಾರಲ್ ಹೊರಡುವ ದಿನ ಮಾಸ್ತರು ಮೊದಲು ಎಂ-ಎಯ್ಟಿ ಹತ್ತಿ ಯಾವ ಹೊಲದಲ್ಲಿ ಕುರಿ ನಿಂತಿವೆಯೆಂದು ಹುಡುಕಿ ಬರುತ್ತಾರೆ. ಫರಾಳದ ಮೊದಲ ಪೊಟ್ಟಣ ಅಲ್ಲಿ ಕಾವಲಿರುವವನಿಗೆ, ಹಾಡೂ ಅವನು ನಿಂತಲ್ಲಿಗೇ ಹೋಗಿ. ಮೂಡಲಗಿಯವರು ತಮ್ಮ ಮನೆಗೆ ತಡವಾಯಿತೆಂದು ಗೊಣಗುತ್ತಾರೆ.

ಕಳೆದ ವರ್ಷ ಗೋದಲಿಯಲ್ಲಿ ಎತ್ತಿನ ಆಚೆ, ಮೇಜಿನ ತೀರ ಅಂಚಿನಲ್ಲಿ, ಒಂದು ಹೊಸ ಮರದ ಗೊಂಬೆ ಕಂಡಿತು. ಸಣ್ಣ ಹುಡುಗ, ಕೈಯಲ್ಲಿ ಕೋಲು, ಗೋದಲಿಗೆ ಬೆನ್ನು. ತಂದಿಟ್ಟವರು ಯಾರೆಂದು ಕೇಳಬೇಕಿರಲಿಲ್ಲ. ಇಷ್ಟು ವರ್ಷ ಕಾದ ಸಂದರ್ಭ. ಮಾಸ್ತರು ನಮ್ಮ ಮನೆಗೆ ಬಂದು ಕೂತಾಗ ನಾನು ಗಂಟಲು ಸರಿಮಾಡಿಕೊಂಡು ಕೇಳಿದೆ:

"ಆ ಹುಡುಗ ಎಲ್ಲೈದಾನ್ರೀ ಸರ್? ವಚನ ತೋರ್ಸ್ರಿ."

ಮಾಸ್ತರು ನನ್ನನ್ನು, ಆಗಷ್ಟೇ ಬಂದ ಚಹಾದ ತಾಟನ್ನು, ಮತ್ತೆ ನನ್ನನ್ನು ನೋಡಿದರು. "ಕಣ್ಣ ಮುಚ್ಚು" ಎಂದರು. "ಪ್ರಾರ್ಥನಾ ಮಾಡೋಣು." ಆದಾಮನಿಂದ ಹೊರಟರು.