ಭಾವನ ಕಾಲು, ನನ್ನ ಸೊಂಟ

ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಸಾಕು, ಒಬ್ಬ ಉಸ್ತುವಾರಿ ಮಂತ್ರಿ ತಾನಾಗಿಯೇ ಹುಟ್ಟಿಕೊಳ್ಳುತ್ತಾನೆ. ಕಂಕುಳಲ್ಲಿ ಫೈಲು, ಕಿವಿಯಲ್ಲಿ ಫೋನು, ಬಾಯಲ್ಲಿ "ಡಾಕ್ಟರ ಹತ್ರ ನಾನು ಮಾತಾಡಿದೀನಿ, ನೀವು ಸುಮ್ನಿರಿ" ಅನ್ನುವ ಮಾತು. ನಿಮ್ಮ ಮನೆಯಲ್ಲೂ ಒಬ್ಬ ಇದ್ದೇ ಇರುತ್ತಾನೆ. ಬಹುಶಃ ನೀವೇ. ನಮ್ಮ ಮನೆಯಲ್ಲಿ ಆ ಖಾತೆ ನನ್ನದು. ಯಾರೂ ಕೊಟ್ಟದ್ದಲ್ಲ, ನಾನೇ ಎದ್ದು ನಿಂತು ಪ್ರಮಾಣವಚನ ತೆಗೆದುಕೊಂಡದ್ದು.

ರೋಗಿ ನನ್ನ ಹೆಂಡತಿಯ ಅಣ್ಣ, ಮದ್ರಾಸ್ ಸ್ಯಾಪರ್ಸ್‌ನ ನಿವೃತ್ತ ಸುಬೇದಾರರು. 1780ರಷ್ಟು ಹಿಂದಿನ ದಳ ಅದು. ಬೆಂಗಳೂರಿನ ಹಲಸೂರು ಕೆರೆಯ ಬಳಿಯೇ ಅವರ ಸೆಂಟರು. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ನೆಲಬಾಂಬು ಹೂಳುವುದು, ಹೂತದ್ದನ್ನು ಮತ್ತೆ ಎತ್ತುವುದು ಅವರ ಕಸುಬು. 2001ರ ಡಿಸೆಂಬರಿನಲ್ಲಿ ಪಾರ್ಲಿಮೆಂಟಿನ ಮೇಲೆ ದಾಳಿಯಾದಾಗ ಗಡಿಯುದ್ದಕ್ಕೂ ಸೈನ್ಯ ಹೋಗಿ ನಿಂತಿತಲ್ಲ, ಆಪರೇಷನ್ ಪರಾಕ್ರಮ್, ಆಗ ಭಾವ ರಾಜಸ್ಥಾನದ ಮರಳಿನಲ್ಲಿದ್ದರು. ಕೊನೆಗೂ ಯುದ್ಧ ನಡೆಯಲಿಲ್ಲ. ಆದರೆ ನಡೆಯಲಿಲ್ಲ ಅನ್ನುವ ಸುದ್ದಿಯನ್ನು ಹೂತ ಬಾಂಬುಗಳಿಗೆ ಯಾರು ತಿಳಿಸಬೇಕು? ಒಂದು ಸಿಡಿಯಿತು. ಪಾದ ಉಳಿಯಿತು, ಒಳಗೆ ಚೂರುಗಳೂ ಉಳಿದವು. ಅದೇ ಪಾದ ಎಳೆದುಕೊಂಡು ಪೆನ್ಷನ್ನಿಗೆ ಬಂದರು, ಅರಸೀಕೆರೆ ಕಡೆ ತೆಂಗಿನ ತೋಟ ಮಾಡಿದರು. ಈಚೆಗೆ ಹುಣ್ಣು ವಾಸಿಯಾಗದೆ ಮೂಳೆಗೆ ಇಳಿದು, ಡಾಕ್ಟರರು ಮೊಣಕಾಲ ಕೆಳಗಿನಿಂದ ತೆಗೆಯಬೇಕಾಯಿತು.

ಆಪರೇಷನ್ ದಿನ ತಲೆಸುತ್ತಿ ಬಿದ್ದವನು ನಾನು. ಅರಿವಳಿಕೆ ಇಳಿದು ಕಣ್ಣು ಬಿಟ್ಟ ಭಾವ ಮೊದಲು ಕೇಳಿದ್ದು: "ಸಿವಿಲಿಯನ್ ಸಾಹೇಬ್ರಿಗೆ ಬಿ.ಪಿ. ಎಷ್ಟಂತೆ?"

ಅಲ್ಲಿಂದ ಶುರುವಾಯಿತು ನೋಡಿ ದಿಂಬಿನ ಯುದ್ಧ. ಆಸ್ಪತ್ರೆಯ ಫಿಸಿಯೋ ಮೇಡಂ ನನ್ನ ಮಗಳ ವಯಸ್ಸಿನವಳು, ಕಾಲಲ್ಲಿ ಕ್ಯಾನ್ವಾಸ್ ಶೂ, ದನಿಯಲ್ಲಿ ಹೆಡ್‌ಮಾಸ್ಟರು. "ಮೊಣಕಾಲಿನ ಕೆಳಗೆ ದಿಂಬು ಇಡಕೂಡದು. ಹಾಯಾಗೇನೋ ಇರುತ್ತೆ. ಆದ್ರೆ ಮಂಡಿ ಬಗ್ಗಿದ್ದು ಹಂಗೇ ಬಿಗಿದುಕೊಂಡ್ರೆ ಆಮೇಲೆ ಕೃತಕ ಕಾಲು ಹಾಕಿ ನಡೆಯೋದು ಕಷ್ಟ" ಅಂದಳು. ಅತ್ತೆ ತಲೆಯಾಡಿಸಿದರು. ಮೇಡಂ ಬಾಗಿಲು ದಾಟಿದ್ದೇ ತಡ, "ಪಾಪ, ಮಗು ಕಾಲು ಹಾಸಿಗೆಗೆ ಒತ್ತುತ್ತೆ" ಎಂದು ದಿಂಬು ಇಟ್ಟರು. ಮಗು ಅಂದರೆ ಐವತ್ತು ದಾಟಿದ, ಬೂದು ಮೀಸೆಯ ಸುಬೇದಾರರು.

ನಾನು ದಿಂಬು ತೆಗೆದೆ. ಅತ್ತೆ ಟವಲಿನಲ್ಲಿ ಸುತ್ತಿ ಇನ್ನೊಂದು ತಂದರು. ಅದನ್ನೂ ಜಪ್ತಿ ಮಾಡಿದೆ. ನನ್ನ ಹೆಂಡತಿ ಬೆಡ್‌ಶೀಟನ್ನು ಎಂಟು ಮಡಿಕೆ ಮಡಿಸಿ ತುರುಕಿ, "ಇದು ದಿಂಬಲ್ಲ, ಬೆಡ್‌ಶೀಟು" ಅಂದಳು. ಕಾನೂನಿನ ಪ್ರಕಾರ ಅವಳ ವಾದ ಸರಿ, ಆದರೂ ಕಿತ್ತುಕೊಂಡೆ. ಜಪ್ತಿ ಮಾಲನ್ನೆಲ್ಲ ಎಲ್ಲಿಡುವುದು? ಪಕ್ಕದ ಮಂಚದಲ್ಲಿ ನನ್ನ ತಲೆಯಡಿ, ಬೆನ್ನಡಿ, ಕಾಲಡಿ ಇಟ್ಟುಕೊಂಡು ಕಾವಲು ಕೂತೆ. ಕೂತವನು ಯಾವಾಗಲೋ ಮಲಗಿದ್ದೆ. ಬೆಳಗ್ಗೆ ರೌಂಡ್ಸಿಗೆ ಬಂದ ಮೇಡಂ ಕಂಡದ್ದು: ಕಾಲು ನೆಟ್ಟಗೆ ಚಾಚಿ ಬರೀ ಹಾಸಿಗೆಯ ಮೇಲೆ ಮಲಗಿರುವ ರೋಗಿ, ಆಸ್ಪತ್ರೆಯ ಸಕಲ ದಿಂಬುಗಳ ನಡುವೆ ಗೊರಕೆ ಹೊಡೆಯುತ್ತಿರುವ ಉಸ್ತುವಾರಿ. "ಪೇಷೆಂಟು ಯಾರು?" ಎಂದು ಜೊತೆಗಿದ್ದ ಟ್ರೈನಿ ಹುಡುಗಿ ಕೇಳಿದ್ದು ನನಗೆ ಕೇಳಿಸಿತು.

ನಿಜವಾದ ಕಷ್ಟ ಬೇರೆಯೇ ಇತ್ತು. ಈ ಪುನರ್ವಸತಿ ಚಿಕಿತ್ಸೆ ಎನ್ನುವುದು ಮುಕ್ಕಾಲುಪಾಲು ಸಹಾಯ ಮಾಡದೇ ಇರುವ ವಿದ್ಯೆ. ನೀರು ಅವರೇ ತಗೊಳ್ಳಲಿ, ಮಗ್ಗುಲು ಅವರೇ ಹೊರಳಲಿ, ಮಂಚದಿಂದ ಗಾಲಿಕುರ್ಚಿಗೆ ಅವರೇ ದಾಟಲಿ, ನೀವು ಕೈ ಕಟ್ಟಿ ನಿಂತು ನೋಡಿ. ನೀವೇ ಹೇಳಿ, ನಮ್ಮ ಮನೆಗಳಲ್ಲಿ ಇದು ಆಗುವ ಮಾತೇ? ನೆಂಟರ ಮನೆಗೆ ಹೋದರೆ ಬೇಡ ಅಂದರೂ ಎಲೆಗೆ ಹೋಳಿಗೆ ಬೀಳುವ ನಾಡು ನಮ್ಮದು. ಭಾವ ನೀರಿನ ಲೋಟದ ಕಡೆ ಕಣ್ಣು ಹಾಯಿಸಿದರೆ ಅತ್ತೆಯದು ಒಂದು ಕೈ, ನನ್ನ ಹೆಂಡತಿಯದು ಒಂದು, ನನ್ನವು ಎರಡೂ ಹೋಗಿ ಲೋಟ ಉರುಳುತ್ತಿತ್ತು. ಹಾಸಿಗೆ ಒದ್ದೆ, ಫೈಲು ಒದ್ದೆ. ಅಷ್ಟರಲ್ಲಿ ಭಾವ ದಿಂಬಿನ ಪಕ್ಕದ ಬಾಟಲಿಯಿಂದ ನೀರು ಕುಡಿದು ಮುಗಿಸಿರುತ್ತಿದ್ದರು. ಭಾವನ ಹೆಂಡತಿಯೊಬ್ಬರೇ ಸಹಾಯ ಮಾಡದೆ ಸಹಾಯ ಮಾಡಿದವರು: ತೋಟ ಬಿಟ್ಟು ವಾರಕ್ಕೊಮ್ಮೆ ಬಂದು, ಕುರ್ಚಿಯಲ್ಲಿ ಕೂತು, ಕಾಯಿ ರೇಟು ಹೇಳಿ ಹೋಗುತ್ತಿದ್ದರು.

ಕತ್ತರಿಸಿ ಉಳಿದ ಮೋಟುಗಾಲಿಗೆ ಕ್ರೇಪ್ ಬ್ಯಾಂಡೇಜ್ ಕಟ್ಟಬೇಕು. ಬಾವು ಇಳಿದು, ಕೃತಕ ಕಾಲಿನ ಬಟ್ಟಲಿಗೆ ಕೂರುವ ಆಕಾರ ಬರಲಿ ಅಂತ. ತುದಿಯಲ್ಲಿ ಬಿಗಿ, ಮೇಲೆ ಹೋದಂತೆ ಸಡಿಲ. ಸುತ್ತು ಎಂಟರ ಆಕಾರದಲ್ಲಿ ಬರಬೇಕು. ಮೇಡಂ ಒಮ್ಮೆ ತೋರಿಸಿದಳು. "ಗೊತ್ತಾಯ್ತು ಬಿಡಮ್ಮ" ಅಂದೆ. ಅವಳು ಹೇಳಿದ್ದು ಇಂಗ್ಲಿಷಿನ ಎಂಟು. ನನ್ನ ಕೈಯಲ್ಲಿ ಮೂಡಿದ್ದು ಕನ್ನಡದ ಎಂಟು, ಬುಡ ಪೂರಾ ತೆರೆದಿತ್ತು. ಭಾವ ಏನೂ ಅನ್ನಲಿಲ್ಲ. ಬಿಚ್ಚಿದರು, ನನ್ನ ಮುಖ ನೋಡುತ್ತಲೇ ಅಚ್ಚುಕಟ್ಟಾಗಿ ಕಟ್ಟಿಕೊಂಡರು, ಆಮೇಲೆ ಬ್ಯಾಂಡೇಜಿನ ಪಿನ್ನು ಚುಚ್ಚಿ ರಕ್ತ ಬರುತ್ತಿದ್ದ ನನ್ನ ಹೆಬ್ಬೆರಳಿಗೂ ಹತ್ತಿ ಸುತ್ತಿದರು.

ಒಂದು ನಡುರಾತ್ರಿ ಭಾವ ಎದ್ದು ಕೂತಿದ್ದರು. ಕಾಲಿನ ಹೆಬ್ಬೆರಳು ತುರಿಸುತ್ತದಂತೆ.

"ಯಾವ ಹೆಬ್ಬೆರಳು ಭಾವ?"

"ಇಲ್ಲದ್ದು."

ಅತ್ತೆ ಬೆಳಗ್ಗೆಯೇ ಉಪ್ಪು, ಮೆಣಸಿನಕಾಯಿ ನಿವಾಳಿಸಲು ಸಿದ್ಧರಾದರು. ಮೇಡಂ ಸಮಾಧಾನ ಹೇಳಿದಳು: ಕಾಲು ಹೋದರೂ ಮೆದುಳಿನ ನಕ್ಷೆಯಲ್ಲಿ ಕಾಲು ಇನ್ನೂ ಇದೆ, ಅಲ್ಲಿಂದ ಬರುವ ನೋವು, ತುರಿಕೆ ಇದು, ಹೆದರಬೇಡಿ. ಚೆನ್ನೈನಲ್ಲಿ ಓದಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ವಿ.ಎಸ್. ರಾಮಚಂದ್ರನ್ ಎಂಬ ನರವಿಜ್ಞಾನಿ 1990ರ ದಶಕದಲ್ಲಿ ಇದಕ್ಕೊಂದು ಕನ್ನಡಿಯ ಉಪಾಯ ಕಂಡುಹಿಡಿದರಂತೆ. ಎರಡು ಕಾಲಿನ ನಡುವೆ ಕನ್ನಡಿ ನಿಲ್ಲಿಸಿ ಇರುವ ಕಾಲನ್ನು ಆಡಿಸಿದರೆ, ಇಲ್ಲದ ಕಾಲೂ ಆಡಿದಂತೆ ಕಾಣುತ್ತದೆ; ಹಲವರಿಗೆ ಅದರಿಂದ ನೋವು ಇಳಿಯುತ್ತದೆ. ಉದ್ದನೆಯ ಕನ್ನಡಿ ಬೇಕು ಅಂದಳು. "ನಾನಿದೀನಲ್ಲ!" ಎಂದು ಮನೆಗೆ ಓಡಿ, ಹೆಂಡತಿಯ ತವರಿನಿಂದ ಬಂದ ಡ್ರೆಸಿಂಗ್ ಟೇಬಲ್ಲಿನ ಕನ್ನಡಿಯನ್ನೇ ಬಿಚ್ಚಿ ಆಟೋದಲ್ಲಿ ತಂದೆ. ಅವಳು ಅಣ್ಣನ ಎದುರು ಏನೂ ಹೇಳುವ ಹಾಗಿಲ್ಲ. ಹೇಳಬೇಕಾದ್ದನ್ನು ಈಗಲೂ ಕಂತಿನಲ್ಲಿ ಹೇಳುತ್ತಿದ್ದಾಳೆ.

ಭಾವ ಬೆರಳು ಆಡಿಸಿದರು, ಕನ್ನಡಿ ನೋಡಿದರು, ಹಣೆಯ ಗಂಟು ಮೆಲ್ಲಗೆ ಸಡಿಲವಾಯಿತು. ಎಲ್ಲರ ಕಣ್ಣೂ ತುಂಬಿತು. ನನ್ನದೂ ತುಂಬಿತು, ಕಾರಣ ಬೇರೆ. ಕನ್ನಡಿಯ ಅಂಚು ಹಿಡಿದು ಬಗ್ಗಿ ನಿಂತಿದ್ದವನಿಗೆ ಈವರೆಗೆ ಯಾವ ಕೋನದಿಂದಲೂ ಕಾಣದ ನನ್ನ ನಡುನೆತ್ತಿ ಪೂರ್ತಿ ಕಂಡಿತ್ತು. "ಸರ್, ಕನ್ನಡಿ ಅಲ್ಲಾಡ್ತಿದೆ. ನೋಡ್ಬೇಕಾದವರು ಪೇಷೆಂಟು" ಅಂದಳು ಮೇಡಂ.

ಇನ್ನು ಡಿಸ್ಚಾರ್ಜ್. ಗಾಯ ಪೂರ್ತಿ ಮಾಗಿ ಕೃತಕ ಕಾಲು ಬರುವವರೆಗೆ ಭಾವ ನಮ್ಮ ಮನೆಯಲ್ಲಿ ಎಂದಾಯಿತು. ನಮ್ಮ ಮನೆಗೆ ಮೂರು ಮೆಟ್ಟಿಲು, ಒಟ್ಟು ಒಂದೂವರೆ ಅಡಿ ಎತ್ತರ. ಗಾಲಿಕುರ್ಚಿಗೆ ಇಳಿಜಾರು ಕಟ್ಟಬೇಕು. ಲೆಕ್ಕ ಒಂದಕ್ಕೆ ಹನ್ನೆರಡು: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಅಂದರೆ ಹದಿನೆಂಟು ಅಡಿ. ನಮ್ಮ ಬಾಗಿಲಿಗೂ ಗೇಟಿಗೂ ನಡುವೆ ಇರುವುದೇ ಒಂಬತ್ತು. ಭಾವ ಹಾಸಿಗೆಯಲ್ಲೇ ಚೀಟಿ ಮೇಲೆ ಗೀಟೆಳೆದು, "ಗೋಡೆ ಪಕ್ಕ ತಿರುವು ಕೊಟ್ಟು ಎರಡು ತುಂಡು ಮಾಡಿ" ಅಂದರು. ಸೈನ್ಯಕ್ಕೆ ಸೇತುವೆ ಕಟ್ಟಿಕೊಟ್ಟವರು, ಸರಿ. ಆದರೆ ನಾನೂ ಇಂಜಿನಿಯರಿಂಗ್ ಕಾಲೇಜಿನಲ್ಲೇ ಇದ್ದವನು. ಅಕೌಂಟ್ಸ್ ಸೆಕ್ಷನ್ನು ಇದ್ದರೇನು, ಗಾಳಿ ಅದೇ ಅಲ್ಲವೇ?

ತಿರುವುಗಿರುವು ಬೇಡ, ನೇರ ಕಟ್ಟು ಅಂದೆ ಗಾರೆಯವನಿಗೆ. "ನೈಸಾಗಿ ಫಿನಿಷಿಂಗ್ ಕೊಡ್ಲಾ ಸಾರ್?" ಅಂದ. "ಮುಖ ಕಾಣ್ಬೇಕು ನೋಡು" ಅಂದೆ. ಹಾಗೇ ಮಾಡಿದ. ಡಿಸ್ಚಾರ್ಜ್ ದಿನ ಬೆಳಗ್ಗೆ ಅತ್ತೆ ಅದರ ಮೇಲೆ ನೀರು ಚಿಮುಕಿಸಿ ರಂಗೋಲಿಯನ್ನೂ ಬಿಟ್ಟರು. ಭಾವನ ಕಾರು ಗೇಟಿನ ಹೊರಗೆ ನಿಂತಿತು. ಅವರನ್ನು ಹತ್ತಿಸುವ ಮೊದಲು ಇಳಿಜಾರು ಎಷ್ಟು ಭದ್ರವಾಗಿದೆ ಎಂದು ಒಮ್ಮೆ ತೋರಿಸೋಣ ಅಂತ, ಬಾಗಿಲ ಬಳಿ ಗಾಲಿಕುರ್ಚಿಯಲ್ಲಿ ನಾನೇ ಕೂತೆ. ನೆರೆಹೊರೆಯವರು ನೋಡುತ್ತಿದ್ದರು. ಕೈ ಬೀಸಿದೆ. ಬೀಸಿದ ಕೈ ಬ್ರೇಕಿನ ಮೇಲೆ ಇರಬೇಕಾದ ಕೈ.

ಆಮೇಲಿನದು ಬಹಳ ಬೇಗ ನಡೆಯಿತು. ರಂಗೋಲಿ, ಗೇಟು, ಭಾವನ ಕಾರಿನ ಬಾನೆಟ್ಟು, ರಸ್ತೆ. ಎದುರು ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು ಸ್ಕೂಟರ್ ತೊಳೆಯುತ್ತಿದ್ದರು. ಅವರ ಸೋಪಿನ ನೀರಿನ ಬಕೆಟ್ಟಿನಲ್ಲಿ ನನ್ನ ಯಾತ್ರೆ ಮುಗಿಯಿತು. ಕುರ್ಚಿಗೆ ಏನೂ ಆಗಲಿಲ್ಲ, ಗಟ್ಟಿ ಮಾಲು. ಎಲ್ಲರೂ ನನ್ನನ್ನು ಎತ್ತುವ ಗಡಿಬಿಡಿಯಲ್ಲಿದ್ದಾಗ ಭಾವ ಊರುಗೋಲು ಹಿಡಿದು ಕಾರಿಂದ ಇಳಿದರು. ಮೆಟ್ಟಿಲ ಬಳಿ ಬಂದು, ಬೆನ್ನು ಬಾಗಿಲ ಕಡೆ ಮಾಡಿ ಕೂತು, ಕೈ ಊರಿ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಏರಿ ಒಳಗೆ ಹೋದರು. ಇಂಥದ್ದನ್ನೆಲ್ಲ ಆಸ್ಪತ್ರೆಯಲ್ಲೇ ಕಲಿಸಿದ್ದರಂತೆ. ಒಳಗಿನಿಂದ ದನಿ ಬಂತು: "ಸಿವಿಲಿಯನ್, ಡೆಮೋ ಚೆನ್ನಾಗಿತ್ತು!"

ಆ ಇಳಿಜಾರಿನ ಮೇಲೆ ಈಗ ಅತ್ತೆ ಸಂಡಿಗೆ ಒಣಗಿಸುತ್ತಾರೆ. ಒಳ್ಳೆ ಬಿಸಿಲು ಬೀಳುತ್ತದೆ.

ಸೊಂಟ ಉಳುಕಿ ಎಡಗಾಲು ಎಳೆಯತೊಡಗಿದ ನನಗೂ ಒಂದು ಕೋಲು ಬಂತು. ಸಿನಿಮಾದಲ್ಲಿ ಯಜಮಾನರು ಹಿಡಿಯುತ್ತಾರಲ್ಲ, ಹಾಗೆ ನೋವಿರುವ ಕಡೆಯ ಕೈಯಲ್ಲೇ ಹಿಡಿದು ಗತ್ತಿನಿಂದ ನಡೆದೆ. "ಕೋಲು ಒಳ್ಳೆ ಕಾಲಿನ ಕಡೆ ಕೈಯಲ್ಲಿರಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು" ಎಂದು ಭಾವ ಹಜಾರದಲ್ಲಿ ನನಗೆ ಡ್ರಿಲ್ ಶುರುಮಾಡಿದರು. ಬೆಳಗ್ಗೆ ಆರಕ್ಕೆ. ನನ್ನ ಹೆಂಡತಿ ಕಾಫಿ ಹಿಡಿದು ನೋಡುತ್ತಿದ್ದಳು; ನನಗೆ ಮಾತ್ರ ಯಾರೂ ಸಹಾಯ ಮಾಡಲಿಲ್ಲ. ಆ ಪಾಠ ಅಷ್ಟು ಬೇಗ ಕಲಿತುಬಿಟ್ಟಿದ್ದರು.

ಕಾಲು ಹಾಕಿಸಲು ಪುಣೆಗೆ, ಸೇನೆಯ ಕೃತಕ ಅಂಗ ಕೇಂದ್ರಕ್ಕೆ ಹೋಗಬೇಕಾಯಿತು. ಎರಡನೇ ಮಹಾಯುದ್ಧದ ನಡುವೆ, 1944ರಲ್ಲಿ ಶುರುವಾದದ್ದು. ಅಟೆಂಡೆಂಟ್ ಆಗಿ ಜೊತೆಗೆ ನಾನು. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಕೆಳಗಿನ ಬರ್ತ್ ರಿಸರ್ವ್ ಆಗಿದ್ದು ಭಾವನಿಗೆ. ಮಲಗಿದ್ದು ಯಾರು ಅಂತ ಕೇಳಬೇಡಿ. ಸೊಂಟ ಅಂದೆನಲ್ಲ.

ದಾರಿಯಲ್ಲಿ ಭಾವ ಮುರಳೀಕಾಂತ್ ಪೇಟ್ಕರ್ ಕತೆ ತೆಗೆದರು. ಸೇನೆಯ ಇ.ಎಂ.ಇ. ದಳದವರು. 1965ರ ಯುದ್ಧದಲ್ಲಿ ಗುಂಡು ತಿಂದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಚಿಕಿತ್ಸೆಗೆಂದು ನೀರಿಗಿಳಿದವರು 1972ರಲ್ಲಿ ಜರ್ಮನಿಯ ಹೈಡಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಈಜಿ ಚಿನ್ನ ತಂದರು, ನಮ್ಮ ದೇಶಕ್ಕೆ ಅಲ್ಲಿ ಸಿಕ್ಕ ಮೊದಲ ಚಿನ್ನ. ಪದ್ಮಶ್ರೀ ಬಂದದ್ದು 2018ರಲ್ಲಿ. ನಾನು ಗದ್ಗದನಾಗಿ ಕೇಳುತ್ತಿದ್ದೆ.

"ನಿಮಗೆ ಈಜು ಬರುತ್ತಾ?" ಭಾವ ಕೇಳಿದರು.

"ಇಲ್ಲ."

"ಮತ್ತೆ ಅಷ್ಟೊಂದು ಕೈಕಾಲು ಇಟ್ಕೊಂಡು ಏನ್ ಮಾಡ್ತಿದೀರಿ?"

ಅಳತೆ, ಅಚ್ಚು, ಎರಡು ಕಂಬಿಗಳ ನಡುವೆ ಹೆಜ್ಜೆ ಕಲಿಯುವುದು ಎಲ್ಲ ಆಯಿತು. ಅದನ್ನು ವಿನೋದವಾಗಿ ಬರೆಯಲು ನನಗೆ ಬರುವುದಿಲ್ಲ. ಅಲ್ಲಿ ಮೀಸೆ ಚಿಗುರದ ಹುಡುಗರೂ ಇದ್ದರು. ಅವರ ನಗೆಚಾಟಿಕೆಗಳಿಗೆ ಮಾತ್ರ ಏನೂ ಕೊರತೆಯಿರಲಿಲ್ಲ, ಅರ್ಧದಷ್ಟು ನನ್ನ ನಡಿಗೆಯ ಬಗ್ಗೆ.

ಹೊಸ ಕಾಲಿನಲ್ಲಿ ಭಾವ ಮನೆಗೆ ನಡೆದೇ ಬಂದರು. ಆದರೆ ಆ ಕಾಲಿನ ಬಟ್ಟಲು ಬಲು ನಾಜೂಕು. ಒಳಗಿನ ಕಾಲು ಸಣ್ಣಗಾದರೆ ಇನ್ನೊಂದು ಕಾಲುಚೀಲ ಹಾಕಿ ಸರಿ ಮಾಡಬಹುದು. ದಪ್ಪಗಾದರೆ ಕಾಲು ಒಳಗೇ ಹೋಗದು, ತೂಕ ಹೆಚ್ಚಬಾರದು. ಇದನ್ನು ಅತ್ತೆಗೆ ಯಾರು ಹೇಳಬೇಕು? ಬಿಸಿ ಅನ್ನ, ತುಪ್ಪ, ಕಜ್ಜಾಯ, ಮತ್ತೆ ತುಪ್ಪ. ಸಾಲದ್ದಕ್ಕೆ ನೋಡಲು ಬಂದವರೆಲ್ಲ "ಅಯ್ಯೋ ಪಾಪ" ಎಂದು ಹಾರ್ಲಿಕ್ಸು, ಮೈಸೂರುಪಾಕು ತಂದರು. ಭಾವ ಎರಡು ಚಪಾತಿ ತಿಂದು ತಟ್ಟೆ ಸರಿಸುತ್ತಿದ್ದರು. ಅತ್ತೆಯ ಮನಸ್ಸು ನೋಯಬಾರದಲ್ಲ ಎಂದು ಉಳಿದದ್ದನ್ನೆಲ್ಲ ನಾನು ತೆಗೆದುಕೊಂಡೆ. ಭಾವನ ಕಾಲು ಸಲೀಸಾಗಿ ಕೂರುತ್ತದೆ. ನನ್ನ ಪ್ಯಾಂಟುಗಳು ಯಾವುವೂ ಕೂರುತ್ತಿಲ್ಲ.

ಈಗ ಭಾವ ಅರಸೀಕೆರೆಗೆ ಹೋಗಿದ್ದಾರೆ, ತೋಟಕ್ಕೆ ನೀರು ಬಿಡುತ್ತಿದ್ದಾರೆ. ಮುಂದಿನ ತಿಂಗಳು ನಿಮ್ಮ ಕಡೆ ಒಂದು ಮದುವೆಗೆ ನಾವಿಬ್ಬರೂ ಬರುವವರಿದ್ದೇವೆ. ದಯವಿಟ್ಟು ಅವರನ್ನು ಕಂಡು ಎದ್ದು ಕುರ್ಚಿ ಕೊಡಬೇಡಿ, ರಟ್ಟೆ ಹಿಡಿಯಬೇಡಿ, ಪಾಪ ಅನ್ನಬೇಡಿ. ಅವರ ಹಿಂದೆ ಕೋಲೂರಿಕೊಂಡು ಒಬ್ಬ ಏದುಸಿರು ಬಿಡುತ್ತಾ ಬರುತ್ತಾನೆ. ಕುರ್ಚಿ ಅವನಿಗೆ ಕೊಡಿ. ಬೆನ್ನಿಗೊಂದು ದಿಂಬಿದ್ದರೆ ಇನ್ನೂ ಒಳ್ಳೆಯದು.