ಗುಂಡಿನ ನಿತ್ಯತ್ವ: ಒಂದು ತೂಕದ ಪ್ರಬಂಧ

ಪೀಠಿಕೆ

ಕನ್ನಡದಲ್ಲಿ ‘ಗುಂಡು’ ಎಂಬ ಎರಡಕ್ಷರ ಹೊತ್ತಿರುವಷ್ಟು ಅರ್ಥಭಾರವನ್ನು ದೊಡ್ಡ ದೊಡ್ಡ ಸಮಾಸಗಳೂ ಹೊತ್ತಿಲ್ಲ. ಒರಳಿನಲ್ಲಿ ಹಿಟ್ಟು ರುಬ್ಬುವುದು ಗುಂಡು. ಜಾತ್ರೆಯಲ್ಲಿ ಪೈಲ್ವಾನರು ಎತ್ತುವುದು ಗುಂಡು. ಸಂಜೆ ಏಳರ ಮೇಲೆ ಕೆಲವರು ‘ಹಾಕುವುದು’ ಗುಂಡು. ಕೊನೆಗೆ ಮನುಷ್ಯ ಆಗುವುದೂ ಗುಂಡಗೆ. ಈ ಅರ್ಥಗಳಿಗೆ ಒಳಸಂಬಂಧವಿದೆ ಎಂಬುದು ಇದುವರೆಗೆ ಯಾವ ವಿದ್ವಾಂಸರಿಗೂ ಹೊಳೆಯದಿದ್ದುದು ಶೋಚನೀಯ. ಪ್ರಬಂಧಕಾರನ ಪ್ರತಿಪಾದನೆ ಇಷ್ಟೆ: ಒಂದು ಮನೆತನದಲ್ಲಿ ಗುಂಡಿನ ಒಟ್ಟು ಮೊತ್ತ ಸ್ಥಿರ. ಅಡುಗೆಮನೆ ಬಿಟ್ಟ ಗುಂಡು ಮನೆಯವರ ಮೈ ಸೇರುತ್ತದೆ.

ಪೂರ್ವಸೂರಿಗಳ ಸಮೀಕ್ಷೆ

ಮೈಯ ದಪ್ಪ ಅಳೆಯುವ ಸೂತ್ರ ಕೊಟ್ಟವನು ವೈದ್ಯನಲ್ಲ, ಬೆಲ್ಜಿಯಂನ ಖಗೋಳಜ್ಞ ಅಡಾಲ್ಫ್ ಕ್ವೆಟ್ಲೆ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಈ ಲೆಕ್ಕ 1830ರ ದಶಕದ್ದು. ಅದಕ್ಕೆ ಬಿಎಂಐ ಎಂದು ಹೆಸರಿಟ್ಟದ್ದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್. ದುಂಡಗಿನ ಕಾಯಗಳ ಅಧ್ಯಯನ ಆಕಾಶದಲ್ಲಿ ಆರಂಭವಾಗಿ ಸೊಂಟದ ಮಟ್ಟಕ್ಕೆ ಇಳಿದದ್ದು ಸಹಜವೇ ಸರಿ.

ಲೋಕದ ಸಾಮಾನ್ಯ ಲೆಕ್ಕಕ್ಕೆ ಬಿಎಂಐ 25 ಮುಟ್ಟಿದರೆ ತೂಕ ಹೆಚ್ಚಾದಂತೆ. ಭಾರತೀಯರಿಗೆ ನಮ್ಮ ವೈದ್ಯರು 23ಕ್ಕೇ ಗೆರೆ ಎಳೆದಿದ್ದಾರೆ. ಇದು ತಾರತಮ್ಯ ಎನ್ನುವವರು 2004ರ ಲ್ಯಾನ್ಸೆಟ್ ಪತ್ರಿಕೆ ನೋಡಬೇಕು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಅಲ್ಲಿ ತಮ್ಮಿಬ್ಬರ ಪಟವನ್ನೇ ಅಚ್ಚು ಹಾಕಿಸಿದ್ದಾರೆ. ಇಬ್ಬರ ಬಿಎಂಐಯೂ 22.3. ಆದರೆ ಮೈಯ ಕೊಬ್ಬು ಯುಡ್ಕಿನ್ನರದು ಶೇ. 9.1, ಯಾಜ್ಞಿಕರದು ಶೇ. 21.2! ಪುಣೆ ಸೀಮೆಯ ಹಳ್ಳಿಗಳಲ್ಲಿ ಹುಟ್ಟುವ ಕೂಸು ಸರಾಸರಿ 2.7 ಕಿಲೋ, ಇಂಗ್ಲೆಂಡಿನ ಕೂಸು 3.5 ಕಿಲೋ ಎಂದೂ ಯಾಜ್ಞಿಕರ ತಂಡ ತೂಗಿ ತೋರಿಸಿತು. ನಮ್ಮ ಕೂಸಿಗೆ ಮಾಂಸಖಂಡ ಕಡಿಮೆ, ಚರ್ಮದಡಿಯ ಕೊಬ್ಬು ಮಾತ್ರ ಭದ್ರ. ಹಿರಿಯರ ಅರೆಹೊಟ್ಟೆ ಬಸಿರಿನಲ್ಲೇ ಜುಗ್ಗತನ ಕಲಿಸಿತು ಎನ್ನೋಣ. ಬರಗಾಲಕ್ಕೆಂದು ಬುತ್ತಿ ಕಟ್ಟಿಕೊಂಡು ಬಂದ ದೇಹಕ್ಕೆ ಎದುರಾದದ್ದು ಮದುವೆಮನೆಯ ಬಫೆ.

ಸಂಶೋಧನಾ ವಿಧಾನ

ಅಧ್ಯಯನದ ವ್ಯಾಪ್ತಿ: ನಮ್ಮ ಮನೆ. ಮಾದರಿಗಳು ಮೂರು: ನಮ್ಮಮ್ಮ (78), ಪ್ರಬಂಧಕಾರ (54), ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುವ ಮಗ (26). ಮಾರ್ಗದರ್ಶಕರು: ನನ್ನ ಹೆಂಡತಿ. ಇವರ ಮಾರ್ಗದರ್ಶನ ಕೇಳದೆಯೇ ದೊರೆಯಿತು.

ಮೊದಲ ತಲೆಮಾರು: ಗುಂಡು ತಿರುಗಿದ ಕಾಲ

ಅಮ್ಮ ಒರಳಿನ ಮುಂದೆ ಮಣೆ ಹಾಕಿ, ಒಂದು ಕಾಲು ಮಡಚಿ ಒಂದು ಕಾಲು ಚಾಚಿ ಕೂರುತ್ತಿದ್ದಳು. ಬಲಗೈ ಗುಂಡನ್ನು ತಿರುಗಿಸುತ್ತಿತ್ತು. ಎಡಗೈ ಅಂಚಿಗೆ ಬಂದ ಹಿಟ್ಟನ್ನು, ಗುಂಡು ಸುತ್ತಿ ಬರುವಷ್ಟರೊಳಗೆ ಒಳಗೆ ತಳ್ಳಿ ಬೆರಳು ಉಳಿಸಿಕೊಳ್ಳುತ್ತಿತ್ತು. ಆ ಕಾಲದ ಬಿಎಂಐ ದಾಖಲೆ ಅಲಭ್ಯ. ಆಕೆ ತೂಗಿಸಿಕೊಂಡದ್ದು ಒಂದೇ ಸಲ, ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ, ತಮಾಷೆಗೆ: ಕ್ವಿಂಟಲಿಗೆ ಐವತ್ತೆಂಟು ಕಿಲೋ ಕಮ್ಮಿ. ಇಂದಿಗೂ ಊರವರು ಆಕೆಯನ್ನು ‘ಗುಂಡುಕಲ್ಲಿನ ಹಾಗಿದ್ದಾರೆ’ ಎನ್ನುತ್ತಾರೆ. ದಪ್ಪಗಿದ್ದಾರೆ ಎಂದು ಇದರ ಅರ್ಥವಲ್ಲ, ಗಟ್ಟಿಯಾಗಿದ್ದಾರೆ ಎಂದು. ಗುಂಡು ಮೈಯೊಳಗೆ ಹೊಗದೆ ಹೊರಗಿದ್ದಾಗ ಮಾತ್ರ ಭಾಷೆ ಈ ಗೌರವ ಕೊಡುತ್ತದೆ.

ಎರಡನೆಯ ತಲೆಮಾರು: ಒರಳು ತಿರುಗಿದ ಕಾಲ

ಆಮೇಲೆ ಕೊಯಮತ್ತೂರಿನ ಗ್ರೈಂಡರು ಬಂತು. ಇದರಲ್ಲಿ ಒರಳು ತಿರುಗಿತು, ಗುಂಡು ಇದ್ದಲ್ಲೇ ಉಳಿಯಿತು. ಸೂರ್ಯನನ್ನು ನಿಲ್ಲಿಸಿ ಭೂಮಿಯನ್ನು ತಿರುಗಿಸಿದ ಕೋಪರ್ನಿಕಸನ ನಂತರ ಇಂಥ ಪಲ್ಲಟ ನಡೆದಿಲ್ಲ. ಹಳೆಯ ಗುಂಡು ಹಿತ್ತಿಲು ಸೇರಿ ಕೋಳಿಪಂಜರದ ಮೇಲೆ ಕುಳಿತಿತು. ಅದೇ ಅವಧಿಯಲ್ಲಿ ಪ್ರಬಂಧಕಾರನ ಸೊಂಟ 30 ಅಂಗುಲದಿಂದ 38ಕ್ಕೆ ಸಾಗಿತು. ನಮ್ಮ ದೇಶದ ಗಂಡಸರಿಗೆ ವೈದ್ಯರು ಹಾಕಿದ ಗಡಿ 90 ಸೆಂಟಿಮೀಟರ್, ಅಂದರೆ ಮೂವತ್ತೈದೂವರೆ ಅಂಗುಲ. ಅದನ್ನು ದಾಟಿದ ಸುದ್ದಿ ಮೊದಲು ತಿಳಿದದ್ದು ನಮ್ಮ ದರ್ಜಿಗೆ. ಟೇಪನ್ನು ಕೊರಳಿಗೆ ಹಾಕಿಕೊಳ್ಳುತ್ತ ಅವನು ಮೆಲ್ಲಗೆ ಹೇಳಿದ: “ಒಳಗೆ ಎರಡಿಂಚು ಬಟ್ಟೆ ಬಿಟ್ಟಿರ್ತೀನಿ ಸಾರ್, ಮುಂದಕ್ಕೆ ಬೇಕಾಗುತ್ತೆ.” ಭವಿಷ್ಯವನ್ನು ಇಷ್ಟು ಕರಾರುವಾಕ್ಕಾಗಿ ನುಡಿದ ವಿಜ್ಞಾನಿ ಇನ್ನೊಬ್ಬನಿಲ್ಲ.

ಮೂರನೆಯ ತಲೆಮಾರು: ಹುಡುಗ ತಿರುಗುವ ಕಾಲ

ಮಗನ ಮನೆಗೆ ದೋಸೆಹಿಟ್ಟು ಪ್ಯಾಕೆಟ್ಟಿನಲ್ಲಿ ಬರುತ್ತದೆ. ಇಲ್ಲಿ ಗುಂಡೂ ತಿರುಗದು, ಒರಳೂ ತಿರುಗದು. ತಿರುಗುವವನು ಅದನ್ನು ಸ್ಕೂಟರಿನಲ್ಲಿ ತರುವ ಹುಡುಗ. ಮಗ ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ವ್ರತ ಹಿಡಿದಿದ್ದಾನೆ. ಈ ಸಂಖ್ಯೆ ಯಾವ ಋಷಿವಾಕ್ಯವೂ ಅಲ್ಲ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ‘ಮಾನ್ಪೊಕೆ’ ಎಂಬ ಹೆಜ್ಜೆಗಡಿಯಾರದ ಹೆಸರು. ಅದರರ್ಥವೇ ‘ಹತ್ತು ಸಾವಿರ ಹೆಜ್ಜೆಯ ಮಾಪಕ’. ರಾತ್ರಿ ಹನ್ನೊಂದೂವರೆಗೆ ಆರುನೂರು ಹೆಜ್ಜೆ ಸಾಲ ಉಳಿದರೆ ಮಗ ಹಾಲ್‌ನಲ್ಲಿ ಸೋಫಾಕ್ಕೆ ಪ್ರದಕ್ಷಿಣೆ ಹಾಕುತ್ತಾನೆ, ಬಿರಿಯಾನಿ ಎಲ್ಲಿಗೆ ಬಂತೆಂದು ಫೋನಿನಲ್ಲಿ ನೋಡುತ್ತ.

ಇದು ಒಂದು ಮನೆಯ ಕಥೆಯಲ್ಲ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೆಚ್ಚು ತೂಕದ ಹೆಂಗಸರು ಶೇ. 20.6, ಗಂಡಸರು ಶೇ. 18.9. ಮುಂದಿನದರಲ್ಲಿ, ಅಂದರೆ 2019–21ರಲ್ಲಿ, ಕ್ರಮವಾಗಿ ಶೇ. 24 ಮತ್ತು 22.9. ದೇಶದ ಹಿತ್ತಿಲುಗಳಲ್ಲಿ ಎಷ್ಟು ಗುಂಡು ಬಿದ್ದಿರಬಹುದೆಂದು ಓದುಗರೇ ಊಹಿಸಲಿ.

ಮೌಖಿಕ ಪರೀಕ್ಷೆ

ಪ್ರಬಂಧವನ್ನು ಮಗನ ಮನೆಯಲ್ಲೇ ಎಲ್ಲರೆದುರು ಓದಲಾಯಿತು. ಮಾರ್ಗದರ್ಶಕರು ಆಕ್ಷೇಪ ಎತ್ತಿದರು: “ಅಲ್ರೀ, ರುಬ್ಬಿದ್ದು ಅತ್ತೆ, ಊದಿದ್ದು ನೀವು. ಒಂದು ದಿನ ಆದ್ರೂ ಆ ಗುಂಡು ಮುಟ್ಟಿದ್ರಾ?” ಈ ಪ್ರಶ್ನೆಗೆ ಉತ್ತರವನ್ನು ಎರಡನೆಯ ಸಂಪುಟಕ್ಕೆ ಕಾದಿರಿಸಿದೆ.

ಗತವೈಭವದ ಭಾಗಕ್ಕೆ ತಲೆದೂಗಬಹುದೆಂದು ಅಮ್ಮನ ಕಡೆ ನೋಡಿದೆ. “ಗ್ರೈಂಡರ್ ಬಂದ ದಿನ ಕಾಯಿ ಒಡೆದು ಪೂಜೆ ಮಾಡಿದ್ದೆ ಕಣೋ. ರಟ್ಟೆ ಬಿದ್ದು ಹೋಗ್ತಿತ್ತು. ಅದನ್ನೆಲ್ಲ ಚಂದ ಅಂತ ಬರೀಬೇಡ,” ಎಂದಳು. ಕೂತು ಬೇಜಾರಾಯಿತೆಂದು ಪೊರಕೆ ಹಿಡಿದು ಎದ್ದಳು.

ಬಾಗಿಲ ಮೂಲೆಯಲ್ಲಿ ಮಗ ತರಿಸಿಟ್ಟ ಎಂಟು ಕಿಲೋದ ಕೆಟಲ್‌ಬೆಲ್ ಇತ್ತು: ದುಂಡಗಿನ ಕಬ್ಬಿಣ, ಮೇಲೊಂದು ಹಿಡಿಕೆ. ಅಮ್ಮ ಅದನ್ನು ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈಯಲ್ಲಿ ಕೆಳಗೆ ಗುಡಿಸಿದಳು. ಧೂಳಿನ ನಡುವೆ ಒಂದು ದುಂಡನೆಯ ಚೊಕ್ಕ ಗುರುತು ಉಳಿದಿತ್ತು. ಧೂಳಿನ ಪದರದ ಆಧಾರದ ಮೇಲೆ, ಉಗಾದಿಯಿಂದೀಚೆಗೆ ಅದು ಅಲುಗಿಲ್ಲವೆಂದು ಕಾಲನಿರ್ಣಯ ಮಾಡಬಹುದು. ಅಮ್ಮ ಅದನ್ನು ಕೈಯಲ್ಲೇ ಒಮ್ಮೆ ತೂಗಿ ನೋಡಿ ಮೊಮ್ಮಗನ ಕಡೆ ತಿರುಗಿದಳು:

“ಗುಂಡೇನೋ ತಂದಿದೀಯ. ಒರಳೆಲ್ಲೋ ಮಗ?”

ಈ ಪ್ರಶ್ನೆ ಪ್ರಸ್ತುತ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.