ನಕಲು ತೆಗೆಯುವುದು

ಕನ್ನಡದಲ್ಲಿ ‘ತೆಗೆ’ ಎಂಬೊಂದು ಕ್ರಿಯಾಪದವಿದೆ. ಅದಕ್ಕೆ ಎರಡು ನಾಲಿಗೆ. ಕಸ ತೆಗೆ ಎಂದರೆ ಇರುವುದನ್ನು ಇಲ್ಲವಾಗಿಸು. ಫೋಟೊ ತೆಗೆ ಎಂದರೆ ಇಲ್ಲದ್ದನ್ನು ಉಂಟುಮಾಡು. ಹಾಗಾಗಿ ಹೋದ ತಿಂಗಳ ಒಂದು ಭಾನುವಾರ ನನ್ನ ಹೆಂಡತಿ, “ರೀ, ಆ ಕಂಪ್ಯೂಟರಲ್ಲಿರೋ ಕಾಪಿಗಳನ್ನೆಲ್ಲ ಇವತ್ತಾದ್ರೂ ತೆಗೀರಿ” ಎಂದಾಗ ನಾನು ಮೊದಲು ಮಾಡಿದ್ದು ಇಡೀ ಹಾರ್ಡ್ ಡಿಸ್ಕಿನ ಇನ್ನೊಂದು ಕಾಪಿ ತೆಗೆಯುವ ಕೆಲಸ. ಅಳಿಸುವಾಗ ಏನಾದರೂ ಎಡವಟ್ಟಾದರೆ ಎಂಬ ಮುಂಜಾಗ್ರತೆ. ಸಂಜೆ ನಾಲ್ಕಕ್ಕೆ ಮುಗಿಯಿತು. ಬೆಳಿಗ್ಗೆ ಮನೆಯಲ್ಲಿದ್ದ ನಕಲುಗಳು ಅಷ್ಟು ಹೊತ್ತಿಗೆ ಎರಡು ಪಟ್ಟಾಗಿದ್ದವು. ವ್ಯಾಕರಣದ ಪ್ರಕಾರ ನಾನು ತಪ್ಪೇನೂ ಮಾಡಿರಲಿಲ್ಲ.

ಡಿಸ್ಕು ಒಂದು ಟಿಬಿಯದು. ಡಬ್ಬದ ಮೇಲೆ ಒಂದು ಟಿಬಿ, ತಂದು ವಿಂಡೋಸ್‌ಗೆ ಚುಚ್ಚಿದರೆ 931 ಜಿಬಿ. ಡಿಸ್ಕ್ ಮಾಡುವವರದು ಸಾವಿರದ ಲೆಕ್ಕ, ವಿಂಡೋಸಿನದು 1024ರ ಲೆಕ್ಕ. ಊರಿಗೊಂದು ಸೇರು ಇದ್ದ ಕಾಲ ನೆನಪಾಗುತ್ತದೆ. ಆ 931ರಲ್ಲಿ ಖಾಲಿ ಉಳಿದದ್ದು 6. ಮಿಕ್ಕ ಜಾಗದಲ್ಲಿ ಏನಿದೆ ಎಂದು ತೆರೆದರೆ ‘ನ್ಯೂ ಫೋಲ್ಡರ್’. ಅದರೊಳಗೆ ‘ನ್ಯೂ ಫೋಲ್ಡರ್ (2)’. ಅದರೊಳಗೆ ‘ಹಳೇ ಕಂಪ್ಯೂಟರ್’. ಅದರೊಳಗೆ, ಅದಕ್ಕೂ ಹಳೆಯ ಕಂಪ್ಯೂಟರಿನ ‘ನ್ಯೂ ಫೋಲ್ಡರ್’. ಅಜ್ಜಿ ಕಥೆಯಲ್ಲಿ ಏಳು ಸಮುದ್ರದಾಚೆ, ಮರದ ಪೊಟರೆಯಲ್ಲಿ, ಗಿಳಿಯ ಕೊರಳಲ್ಲಿ ರಾಕ್ಷಸನ ಪ್ರಾಣ ಇರುತ್ತಿತ್ತಲ್ಲ, ಹಾಗೆ. ನನಗೆ ಕೊನೆಯಲ್ಲಿ ಸಿಕ್ಕಿದ್ದು 2009ರ ಕರೆಂಟ್ ಬಿಲ್ಲು.

ಅಕ್ಕನ ಮಗನನ್ನು ಕರೆಸಿದೆ. “ಮಾಮ, ಒಂದೊಂದೇ ನೋಡ್ತಾ ಕೂತ್ರೆ ನೀವು ರಿಟೈರ್ ಆದ್ರೂ ಮುಗಿಯಲ್ಲ” ಎಂದು ಒಂದು ಬಿಟ್ಟಿ ಸಾಫ್ಟ್‌ವೇರ್ ಇಳಿಸಿಕೊಟ್ಟ. ಹೆಸರು ಚ್ಕಾಫ್ಕಾ. ಹೇಳಲು ಹೋದರೆ ಬಿಕ್ಕಳಿಕೆ ಬರುತ್ತದೆ. ಪೋಲಿಷ್ ಭಾಷೆಯಲ್ಲಿ ಅದರ ಅರ್ಥವೂ ಬಿಕ್ಕಳಿಕೆಯೇ. ಆ ಹೆಸರಿನೊಳಗೆ ಕಾಫ್ಕಾ ಅಡಗಿ ಕೂತಿರುವುದು ಆಕಸ್ಮಿಕವಿರಬೇಕು. ಪ್ರಾಗ್‌ನ ವಿಮಾ ಕಚೇರಿಯಲ್ಲಿ ಕಡತಗಳ ನಡುವೆ ಬದುಕಿದ ಆತ, ತಾನು ಸತ್ತ ಮೇಲೆ ತನ್ನ ಹಸ್ತಪ್ರತಿಗಳನ್ನೆಲ್ಲ ಸುಟ್ಟುಬಿಡು ಎಂದು ಗೆಳೆಯ ಮ್ಯಾಕ್ಸ್ ಬ್ರಾಡ್‌ಗೆ ಬರೆದಿಟ್ಟಿದ್ದ. 1924ರಲ್ಲಿ ಕಾಫ್ಕಾ ಸತ್ತ. ಬ್ರಾಡ್ ಸುಡಲಿಲ್ಲ, ಅಚ್ಚು ಹಾಕಿಸಿದ. ಡಿಲೀಟ್ ಒತ್ತಲು ಕೈ ಬಾರದವರಿಗೆಲ್ಲ ಈತನೇ ಕುಲಗುರು. ವ್ಯತ್ಯಾಸ ಇಷ್ಟೇ: ಬ್ರಾಡ್ ಉಳಿಸಿದ್ದು ಕಾದಂಬರಿ, ನಾವು ಉಳಿಸುವುದು ಕರೆಂಟ್ ಬಿಲ್ಲು.

ಸಾಫ್ಟ್‌ವೇರ್ ಕೆಲಸ ಮಾಡುವ ರೀತಿ ನೋಡಿ ನಾಚಿಕೆಯಾಯಿತು. ಅದು ಹೆಸರು ನೋಡುವುದೇ ಇಲ್ಲ. ‘ಬಹಳ ಮುಖ್ಯ’, ‘ಅಳಿಸಬೇಡಿ’, ‘ಪಕ್ಕಾ ಫೈನಲ್’ ಯಾವುದಕ್ಕೂ ಕ್ಯಾರೇ ಇಲ್ಲ. ಮೊದಲು ಗಾತ್ರ ನೋಡುತ್ತದೆ. ಗಾತ್ರದಲ್ಲಿ ಒಂದು ಬೈಟ್ ಹೆಚ್ಚುಕಡಿಮೆಯಾದರೂ ಅವೆರಡು ಒಂದೇ ಫೈಲಾಗಲು ಸಾಧ್ಯವಿಲ್ಲ, ಮುಂದಕ್ಕೆ ಹೋಗು. ಗಾತ್ರ ಸಮನಾದವನ್ನು ಮಾತ್ರ ನಿಲ್ಲಿಸಿ, ಪ್ರತಿಯೊಂದರಿಂದಲೂ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತದೆ. ಹ್ಯಾಶ್ ಎನ್ನುವುದು ಇದನ್ನೇ. ಫೈಲು ಎಷ್ಟೇ ದೊಡ್ಡದಿರಲಿ, ಅದರ ಒಂದೊಂದು ಬೈಟನ್ನೂ ಅರೆದು ಒಂದು ಪುಟ್ಟ ಗುರುತು ತೆಗೆಯುವ ಲೆಕ್ಕಾಚಾರ. 1991ರಲ್ಲಿ ರೊನಾಲ್ಡ್ ರಿವೆಸ್ಟ್ ಮಾಡಿಕೊಟ್ಟ ಎಂಡಿ5 ಎಂಬ ಹೆಬ್ಬೆಟ್ಟಿನಲ್ಲಿ 32 ಅಕ್ಷರ-ಅಂಕಿಗಳು. ಗುರುತು ಒಂದೇ ಆದರೆ ಫೈಲೂ ಒಂದೇ ಎಂದು ಲೋಕ ನಂಬಿತ್ತು. ಒಂದೇ ಹೆಬ್ಬೆಟ್ಟಿನ ಎರಡು ಬೇರೆ ಫೈಲುಗಳನ್ನು ಬೇಕೆಂದೇ ಹುಟ್ಟಿಸಬಹುದು ಎಂದು ಚೀನಾದ ಗಣಿತಜ್ಞೆ ವಾಂಗ್ ಶಿಯಾವ್‌ಯುನ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿ ದಂಗುಬಡಿಸಿದರು. ನಮ್ಮ ಕಡೆ ಜಮೀನು ಬರೆಸಿಕೊಂಡವರಿಗೆ ಅಂಥ ದಂಗೇನೂ ಬಡಿದಿರಲಿಕ್ಕಿಲ್ಲ; ನಕಲಿ ಹೆಬ್ಬೆಟ್ಟು ಇಲ್ಲಿ ಹಳೆಯ ಸುದ್ದಿ.

ಖಾಲಿ ಫೈಲುಗಳಿಗೆ ಒಂದು ಪ್ರತ್ಯೇಕ ಪಟ್ಟಿಯೇ ಬಂತು. ಸೊನ್ನೆ ಬೈಟ್. ಅವಕ್ಕೂ ಹೆಬ್ಬೆಟ್ಟಿದೆ! ಎಂಡಿ5ಕ್ಕೆ ಏನೂ ಇಲ್ಲದ್ದನ್ನು ಕೊಟ್ಟರೂ ‘ಡಿ41ಡಿ8’ ಎಂದು ಶುರುವಾಗುವ 32 ಅಕ್ಷರಗಳನ್ನು ಕೊಡುತ್ತದೆ. ಬಳ್ಳಾರಿಯಲ್ಲಾದರೂ ಅದೇ, ಬರ್ಲಿನ್ನಿನಲ್ಲಾದರೂ ಅದೇ. ಶೂನ್ಯ ಎಲ್ಲೆಡೆ ಒಂದೇ ಎಂದು ಶರಣರು ಎಷ್ಟೋ ಕಷ್ಟಪಟ್ಟು ತಿಳಿಸಿದ್ದನ್ನು ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಸಾಬೀತು ಮಾಡಿತು. ನನ್ನ ಖಾಲಿ ಫೈಲುಗಳ ಹೆಸರು ಮಾತ್ರ ಬೇರೆ ಬೇರೆ: ‘ಕಾದಂಬರಿ’, ‘ಕಾದಂಬರಿ ಹೊಸ ಆರಂಭ’, ‘ಈ ವರ್ಷದ ಯೋಜನೆ’.

ನಿಜವಾದ ನಕಲುಗಳು 27 ಸಾವಿರ ಚಿಲ್ಲರೆ. ಇಷ್ಟೇ ಅಲ್ಲ ಇರಬೇಕಾದದ್ದು, ಉಳಿದವು ಎಲ್ಲಿ ಎಂದು ನೋಡಿದರೆ, ವಾಟ್ಸ್ಆ್ಯಪ್‌ನಲ್ಲಿ ಹೋಗಿಬಂದ ಫೋಟೊಗಳನ್ನು ಅದು ನಕಲು ಎಂದು ಒಪ್ಪಲೇ ಇಲ್ಲ. ವಾಟ್ಸ್ಆ್ಯಪ್ ಕಳಿಸುವ ಮುನ್ನ ಫೋಟೊವನ್ನು ಹಿಂಡಿ ಸಣ್ಣದು ಮಾಡುತ್ತದೆ. ನಾನು ಅಣ್ಣನಿಗೆ ಕಳಿಸಿ, ಅಣ್ಣ ಗುಂಪಿಗೆ ಹಾಕಿ, ಗುಂಪಿನಿಂದ ನನಗೇ ವಾಪಸು ಬಂದ ನನ್ನ ಫೋಟೊ ಕಣ್ಣಿಗೆ ನನ್ನದೇ, ಹೆಬ್ಬೆಟ್ಟಿನಲ್ಲಿ ಪರರದು. ಸಾಲದ್ದಕ್ಕೆ ಫೋನಿನೊಳಗೆ ‘ಸೆಂಟ್’ ಎಂಬ ಇನ್ನೊಂದು ಉಗ್ರಾಣ; ಕಳಿಸಿದ್ದಕ್ಕೂ ಒಂದು ಪ್ರತಿ ಅಲ್ಲಿ ಜಮೆ. ಸರ್ಕಾರಿ ಪತ್ರದ ಕೊನೆಗೆ ‘ಕಚೇರಿ ಪ್ರತಿ’ ಎಂದು ಹಾಕುತ್ತಾರಲ್ಲ, ಆ ಪದ್ಧತಿ.

“ಹಾಗಿದ್ರೆ ಹೋಲುವ ಚಿತ್ರ ಹುಡುಕೋಣ ಮಾಮ” ಎಂದ ಹುಡುಗ. ಅದರ ವಿಧಾನ ಬೇರೆ: ಚಿತ್ರವನ್ನು ಹೆಬ್ಬೆರಳಿನ ಉಗುರಿನಷ್ಟಕ್ಕೆ ಕುಗ್ಗಿಸಿ, ಎಲ್ಲಿ ಬೆಳಕು ಎಲ್ಲಿ ಕತ್ತಲು ಎಂಬುದನ್ನಷ್ಟೇ ತಾಳೆ ನೋಡುತ್ತದೆ. ತಂಗಿಯ ಮಗಳ ಆರತಕ್ಷತೆಯ 412 ಫೋಟೊಗಳನ್ನು ಅದು ಒಂದೇ ಗುಂಪಿಗೆ ಹಾಕಿ, ಒಂದನ್ನಿಟ್ಟು 411 ಬಿಸಾಡಬಹುದು ಎಂದು ಸೂಚಿಸಿತು. ನೋಡಿದೆ. ನಡುವೆ ಇಬ್ಬರು, ಅಕ್ಕಪಕ್ಕ ಯಾರೋ, ಹಿಂದೆ ಹೂವಿನ ಗೋಡೆ, ಎಲ್ಲರ ಕೈಯಲ್ಲೂ ಕವರು, ಎಲ್ಲರ ಕಣ್ಣೂ ಊಟದ ಹಾಲಿನ ಕಡೆ. ಸಾಫ್ಟ್‌ವೇರಿನ ತೀರ್ಪಿನಲ್ಲಿ ದೋಷ ಕಾಣಲಿಲ್ಲ. ಆದರೆ ಹಿಂದಿನಿಂದ ದನಿ ಬಂತು: “ಅದ್ರಲ್ಲಿ ನಮ್ಮ ಸೋದರತ್ತೆ ಇದಾರೆ, ಕೈ ಹಚ್ಚಿದ್ರೆ ನೋಡಿ.” ಯಾವ ಫೋಟೊದಲ್ಲಿ ಇದ್ದಾರೆ ಎಂದು ಕೇಳುವಷ್ಟು ದಡ್ಡ ನಾನಲ್ಲ. ನಾನ್ನೂರಾ ಹನ್ನೆರಡೂ ಉಳಿದವು.

ಅದೇ ಮದುವೆಯ ಲಗ್ನಪತ್ರಿಕೆಯ ಫೋಲ್ಡರನ್ನು ಮಾತ್ರ ಯಾವುದಾದರೂ ವಿಶ್ವವಿದ್ಯಾಲಯಕ್ಕೆ ದಾನ ಕೊಡಬೇಕು. ‘ಪತ್ರಿಕೆ ಫೈನಲ್’. ‘ಪತ್ರಿಕೆ ಫೈನಲ್ ದೊಡ್ಡಪ್ಪನ ಹೆಸರು ಸೇರಿಸಿದ್ದು’. ‘ದೊಡ್ಡಪ್ಪನ ಹೆಸರು ಮೇಲೆ ತಂದದ್ದು’. ‘ಚಿಕ್ಕಪ್ಪ ಫೋನ್ ಮಾಡಿದ ಮೇಲೆ’. ‘ಇದೇ ಪ್ರಿಂಟಿಗೆ’. ‘ಇದಲ್ಲ’. ಕಣ್ಣಿಗೆ ಎಲ್ಲವೂ ಒಂದೇ. ಒಂದು ಹೆಸರು ಅರ್ಧ ಇಂಚು ಮೇಲೆ-ಕೆಳಗೆ. ಯಂತ್ರದ ಪ್ರಕಾರ ಒಂದೊಂದೂ ಅನನ್ಯ, ಚಿಕ್ಕಪ್ಪನ ಪ್ರಕಾರವೂ ಹಾಗೆಯೇ. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ ಓದಿಕೊಂಡ ಯಾರಾದರೂ ಕೂತು ಪಾಠಾಂತರ ಗುರುತಿಸಿ ಶುದ್ಧಪಾಠ ನಿರ್ಣಯಿಸಬೇಕಾದ ಸಾಮಗ್ರಿ ಇದು.

ಡಿಟಿಪಿ ಅಂಗಡಿಯವರು ಲಗ್ನಪತ್ರಿಕೆಯನ್ನು ‘ನುಡಿ’ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದರು, ನಾನು ವಾಟ್ಸ್ಆ್ಯಪ್‌ಗೆಂದು ಯುನಿಕೋಡಿನಲ್ಲಿ ಮಾಡಿಕೊಂಡಿದ್ದೆ. ಅಕ್ಷರ ಅಕ್ಷರವೂ ಅದೇ ಮಾತು. ಆದರೆ ಹಳೆಯ ನುಡಿಯಲ್ಲಿ ‘ಕ’ ಎಂಬುದು ಒಳಗೆ ಇಂಗ್ಲಿಷ್ ಸಂಕೇತಗಳಿಗೆ ಹೊದಿಸಿದ ಕನ್ನಡದ ಅಂಗಿ, ಯುನಿಕೋಡಿನಲ್ಲಿ ಅದಕ್ಕೆ ಸ್ವಂತ ಮನೆ ನಂಬರು. ಒಂದು ಬೈಟೂ ತಾಳೆಯಾಗದು. ಯುನಿಕೋಡಿನ ಒಳಗೇ ಇನ್ನೊಂದು ಜಗಳ: ‘ಕೋ’ದ ದೀರ್ಘವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಮೂರು ತುಂಡು ಜೋಡಿಸಿಯೂ ಇಡಬಹುದು. ಪರದೆಯ ಮೇಲೆ ವ್ಯತ್ಯಾಸ ಬ್ರಹ್ಮನಿಗೂ ಕಾಣದು. ಹಾಗಾಗಿಯೇ ನನ್ನಲ್ಲಿ ‘ಫೋಟೋ’ ಎಂಬ ಹೆಸರಿನ ಎರಡು ಫೋಲ್ಡರುಗಳು ಒಂದೇ ಜಾಗದಲ್ಲಿ ಅಕ್ಕಪಕ್ಕ ಕೂತಿವೆ, ಮಾತು ಬಿಟ್ಟ ದಾಯಾದಿಗಳಂತೆ.

ಓಲೆಗರಿಯ ಕಾಲದಲ್ಲಿ ನಕಲು ಮಾಡುವವನು ಬರೆಯುವ ಕಂಠ ಹಿಡಿದು ಪ್ರತಿ ಅಕ್ಷರವನ್ನೂ ಓದಲೇಬೇಕಿತ್ತು. ತಪ್ಪು ಓದುತ್ತಿದ್ದ, ತಪ್ಪು ಬರೆಯುತ್ತಿದ್ದ, ಆದರೆ ಓದುತ್ತಿದ್ದ. ಆ ಕಷ್ಟ ತಪ್ಪಿಸಿದವನು ಚೆಸ್ಟರ್ ಕಾರ್ಲ್‌ಸನ್. ಪೇಟೆಂಟ್ ವಿಭಾಗದ ಕೆಲಸದಲ್ಲಿ ಪ್ರತಿ ಮಾಡಿ ಮಾಡಿ ಸಾಕಾಗಿ, 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಆಸ್ಟೋರಿಯಾದ ಒಂದು ಕೋಣೆಯಲ್ಲಿ ಮೊದಲ ಒಣ ನಕಲು ತೆಗೆದ. ಆ ವಿದ್ಯೆಯಿಂದ ದೊಡ್ಡದಾದದ್ದು ಜೆರಾಕ್ಸ್ ಕಂಪನಿ. 1970ರ ದಶಕದಲ್ಲಿ ಅದೇ ಕಂಪನಿಯ ಕ್ಯಾಲಿಫೋರ್ನಿಯಾದ ಪ್ರಯೋಗಶಾಲೆಯಲ್ಲಿ ಕೂತು ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಪರದೆಯ ಮೇಲಿನ ಕಟ್-ಕಾಪಿ-ಪೇಸ್ಟ್ ರೂಪಿಸಿದರು. ಕಾಗದದ ನಕಲಿಗೂ ಗಾಜಿನ ನಕಲಿಗೂ ಒಂದೇ ತವರುಮನೆ. ಅಲ್ಲಿಂದೀಚೆಗೆ ನಕಲಿಗೆ ಓದು ಬೇಕಿಲ್ಲ. ನಾನು ಕಾಪಿ ಮಾಡುವುದೇ ಆಮೇಲೆ ನೋಡಿದರಾಯಿತು ಎಂದು. ಅಂದರೆ ಈಗ ನೋಡದಿರಲು. ಒಂದು ಕಡೆ ಇದ್ದರೆ ನೋಡಬೇಕಾದೀತು. ನಾಲ್ಕು ಕಡೆ ಇದ್ದರೆ ನಿಶ್ಚಿಂತೆ. ಕಚೇರಿಯಲ್ಲಿ ‘ಮಾಹಿತಿಗಾಗಿ’ ಎಂದು ಹದಿನಾಲ್ಕು ಜನಕ್ಕೆ ಪ್ರತಿ ಕಳಿಸುವ ಗುಮಾಸ್ತೆಗೂ ಗೊತ್ತು, ಹದಿನಾಲ್ಕು ಜನಕ್ಕೆ ಹೋದದ್ದನ್ನು ಒಬ್ಬನೂ ಓದುವುದಿಲ್ಲ ಎಂದು.

ಸರಿ, ಅಸಲು ಯಾವುದು? ಸಾಫ್ಟ್‌ವೇರ್ ಕೇಳಿತು: ಹಳೆಯದನ್ನು ಇಡಲೋ ಹೊಸದನ್ನು ಇಡಲೋ? ಹಿರಿಯ ಮಗನಿಗೆ ಆಸ್ತಿ ಎನ್ನೋಣವೆಂದರೆ ಹಿರಿತನವೇ ವಿವಾದದಲ್ಲಿತ್ತು. ವಿಂಡೋಸಿನಲ್ಲಿ ಫೈಲನ್ನು ಕಾಪಿ ಮಾಡಿದರೆ ಹುಟ್ಟಿದ ದಿನ ಹೊಸದಾಗಿ ಬೀಳುತ್ತದೆ, ತಿದ್ದಿದ ದಿನ ಹಳೆಯದೇ ಉಳಿಯುತ್ತದೆ. ನನ್ನ ಡಿಸ್ಕಿನ ಮುಕ್ಕಾಲು ಪಾಲು ಫೈಲುಗಳು 2019ರಲ್ಲಿ ಹುಟ್ಟಿ, 2011ರಲ್ಲಿ ಕೊನೆಯ ಬಾರಿ ತಿದ್ದಿಸಿಕೊಂಡವು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜನ್ಮದಿನವನ್ನೇ ಜೀವನಪೂರ್ತಿ ಹೊತ್ತು ತಿರುಗುವ ನನ್ನ ತಲೆಮಾರಿನವರಿಗೆ ಇದರಲ್ಲಿ ವಿಶೇಷವೇನಿಲ್ಲ. ಹುಡುಗನಿಗೆ ಹೇಳಿದೆ: “ಏನಾದ್ರೂ ಮಾಡ್ಕೋ. ಸೈಟಿನ ಕ್ರಯಪತ್ರ ಒಂದು ಮುಟ್ಟಬೇಡ.”

“ಅದು ಹನ್ನೊಂದು ಕಡೆ ಇದೆ ಮಾಮ. ಹನ್ನೊಂದೂ ಬೈಟ್ ಬೈಟ್ ಒಂದೇ.”

“ಇರಲಿ. ಒಳ್ಳೇದೇ ಆಯ್ತು.”

ಮೂಲ ಕ್ರಯಪತ್ರ ಮನೆಸಾಲದ ನೆಪದಲ್ಲಿ ಬ್ಯಾಂಕಿನಲ್ಲಿದೆ. ಹದಿನೈದು ದಿನದ ಹಿಂದೆ ಖಾತೆಯ ಕೆಲಸಕ್ಕೆ ಒಂದು ಕಚೇರಿಯಲ್ಲಿ ಅದರ ಪೂರ್ತಿ ಪ್ರತಿ ಕೇಳಿದರು. ಎದೆಯುಬ್ಬಿಸಿ ಪೆನ್‌ಡ್ರೈವ್ ತೆಗೆದೆ. ಹದಿನಾಲ್ಕು ಪುಟದ ಪತ್ರದಲ್ಲಿ ಹದಿಮೂರು ಪುಟ ಇತ್ತು. ಸ್ಕ್ಯಾನ್ ಮಾಡಿಸಿದ ದಿನ ಎರಡು ಹಾಳೆ ಒಟ್ಟಿಗೆ ಮಗುಚಿರಬೇಕು. ಒಂಬತ್ತನೇ ಪುಟ, ಚಕ್ಕುಬಂದಿ ಇರುವ ಪುಟ, ಇಲ್ಲ. ಮನೆಗೆ ಓಡಿಬಂದು ಉಳಿದ ಹತ್ತನ್ನೂ ತೆರೆದೆ. ಹುಡುಗ ಸುಳ್ಳು ಹೇಳಿರಲಿಲ್ಲ. ಹನ್ನೊಂದೂ ಬೈಟ್ ಬೈಟ್ ಒಂದೇ.

ಉಪನೋಂದಣಿ ಕಚೇರಿಗೆ ಅರ್ಜಿ ಹಾಕಿ ದೃಢೀಕೃತ ನಕಲು ಪಡೆದುಕೊಂಡೆ. ಹೊರಗೆ ಬಂದು ಎದುರಿನ ಜೆರಾಕ್ಸ್ ಅಂಗಡಿಯ ಗಲ್ಲೆಯ ಮೇಲೆ ಇಟ್ಟೆ. ಹುಡುಗಿ ಹಾಳೆಗಳನ್ನು ಎಣಿಸದೆಯೇ ಯಂತ್ರದ ಬಾಯಿಗೆ ಕೊಡುತ್ತ ಕೇಳಿದಳು, “ಎಷ್ಟು ಸೆಟ್ ತೆಗೀಲಿ ಸಾರ್?”

“ನಾಲ್ಕು ತೆಗಿಯಮ್ಮ” ಎಂದೆ. “ಒಂಬತ್ತನೇದು ಮಾತ್ರ ಹನ್ನೊಂದು.”